ಕಿವಿಗೊಟ್ಟು ನೋಡಬೇಕಾದ ರಾಬರ್ಟ್ ವೈಸ್

ಸಿನಿಮಾ ಹುಚ್ಚಿನ ಗೆಳೆಯನೊಬ್ಬನ ಜೊತೆ ಮಾತಾಡುತ್ತಾ ಕೂತಿದ್ದಾಗ ಅಮೆರಿಕದ ಚಿತ್ರ ನಿರ್ದೇಶಕ ರಾಬರ್ಟ್ ವೈಸ್ ಹೆಸರು ಬಂತು. "ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನದು ಅಂತ ಏನಿದೆ ಅವನಿಗೆ? ಯಾವ ಕಥೆ ಕೊಟ್ಟರೂ ಮಾಡಿಬಿಡ್ತಿದ್ದ," ಅಂದ. ಇದು ಅವನೊಬ್ಬನ ಮಾತಲ್ಲ. ನಿರ್ದೇಶಕನೇ ಚಿತ್ರದ ಕರ್ತೃ ಎಂದು ನಂಬುವ ವಿಮರ್ಶಕರು ಅರವತ್ತರ ದಶಕದಿಂದಲೂ ವೈಸ್ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾ ಬಂದಿದ್ದಾರೆ. ಹಿಚ್‌ಕಾಕ್ ಚಿತ್ರವನ್ನು ಹತ್ತು ನಿಮಿಷ ನೋಡಿದರೆ ಯಾರದೆಂದು ಗೊತ್ತಾಗುತ್ತದೆ, ಜಾನ್ ಫೋರ್ಡ್ ಚಿತ್ರವೂ ಹಾಗೆಯೇ. ವೈಸ್ ವಿಷಯದಲ್ಲಿ ಹಾಗಾಗುವುದಿಲ್ಲ. 'ಸಿಟಿಜನ್ ಕೇನ್' ಸಂಕಲನ ಮಾಡಿದವರು ಅವರು. ಅನ್ಯಗ್ರಹದವನು ವಾಷಿಂಗ್ಟನ್‌ನಲ್ಲಿ ಬಂದಿಳಿಯುವ 'ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' ಅವರದು. 'ವೆಸ್ಟ್ ಸೈಡ್ ಸ್ಟೋರಿ', 'ದಿ ಹಾಂಟಿಂಗ್', 'ದಿ ಸೌಂಡ್ ಆಫ್ ಮ್ಯೂಸಿಕ್' ಮೂರೂ ಅವರವೇ, ಅದೂ 1961ರಿಂದ 1965ರ ಒಳಗೆ. ಆಮೇಲೆ 'ದಿ ಆಂಡ್ರೊಮಿಡಾ ಸ್ಟ್ರೇನ್', ಅದಾದ ಮೇಲೆ ಮೊದಲ 'ಸ್ಟಾರ್ ಟ್ರೆಕ್' ಚಿತ್ರ. ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಇದರ ಹಿಂದೆ ಒಬ್ಬನೇ ಮನುಷ್ಯ ಇದ್ದಾನೆ ಎಂದು ತೋರಿಸುವುದು ಸುಲಭವಲ್ಲ.

ಗೆಳೆಯನ ಮಾತನ್ನು ನಾನು ಆವತ್ತೂ ಒಪ್ಪಲಿಲ್ಲ, ಆದರೆ ಎದುರಿಗಿಡಲು ನನ್ನ ಹತ್ತಿರ ವಾದವಿರಲಿಲ್ಲ. ಆಮೇಲೆ ಸಿಕ್ಕಷ್ಟು ವೈಸ್ ಚಿತ್ರಗಳನ್ನು ಮತ್ತೆ ನೋಡಿದೆ. ಈಗ ನನಗೆ ಅನ್ನಿಸುವುದು ಇಷ್ಟು: ನಾವು ಅವರನ್ನು ಹುಡುಕಿದ ಜಾಗ ಸರಿಯಿಲ್ಲ. ಚೌಕಟ್ಟಿನಲ್ಲಿ, ಬೆಳಕಿನಲ್ಲಿ, ಮತ್ತೆಮತ್ತೆ ಮರಳುವ ಕಥಾವಸ್ತುವಿನಲ್ಲಿ ಹುಡುಕಿದರೆ ವೈಸ್ ಸಿಗುವುದಿಲ್ಲ. ಅವರು ಸಿಗುವುದು ಕಿವಿಗೆ. ಎಲ್ಲಿ ಶಬ್ದ ಬರಬೇಕು, ಅದಕ್ಕಿಂತ ಹೆಚ್ಚಾಗಿ ಎಲ್ಲಿ ನಿಲ್ಲಬೇಕು ಎಂಬ ವಿಷಯದಲ್ಲಿ ಈ ಮನುಷ್ಯನಿಗೆ ಇದ್ದ ಖಚಿತತೆ ಅಮೆರಿಕದ ಬೇರೆ ನಿರ್ದೇಶಕರಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ.

ಡಬ್ಬ ಹೊರುತ್ತಿದ್ದ ಹುಡುಗ

ವೈಸ್ ಹುಟ್ಟಿದ್ದು 1914ರಲ್ಲಿ, ಇಂಡಿಯಾನಾ ರಾಜ್ಯದ ವಿಂಚೆಸ್ಟರ್ ಎಂಬ ಸಣ್ಣ ಊರಿನಲ್ಲಿ. ಪತ್ರಕರ್ತನಾಗುವ ಆಸೆಯಿಂದ ಫ್ರಾಂಕ್ಲಿನ್ ಕಾಲೇಜು ಸೇರಿದ್ದರು. ಆರ್ಥಿಕ ಕುಸಿತದ ವರ್ಷಗಳು, ಮನೆಯಲ್ಲಿ ದುಡ್ಡಿಲ್ಲ, ಓದು ನಿಂತಿತು. ಅಣ್ಣ ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೊದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ. 1933ರಲ್ಲಿ ತಮ್ಮನನ್ನೂ ಕರೆಸಿಕೊಂಡ. ಹತ್ತೊಂಬತ್ತರ ಹುಡುಗನಿಗೆ ಸಿಕ್ಕಿದ್ದು ಫಿಲ್ಮ್ ಡಬ್ಬಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕುವ ಕೆಲಸ.

ಅಲ್ಲಿಂದ ಅವರು ಹೋದದ್ದು ನೇರವಾಗಿ ಚಿತ್ರ ಸಂಕಲನಕ್ಕಲ್ಲ, ಶಬ್ದ ವಿಭಾಗಕ್ಕೆ. ನನ್ನ ಪ್ರಕಾರ ಮುಖ್ಯವಾದ ಸಂಗತಿ ಇದೇ, ಮತ್ತು ಅವರ ಬಗ್ಗೆ ಬರೆಯುವವರು ಅರ್ಧ ಸಾಲಿನಲ್ಲಿ ದಾಟಿಹೋಗುವುದೂ ಇದನ್ನೇ. ಮಾತಿನ ಚಿತ್ರ ಬಂದು ಇನ್ನೂ ಐದಾರು ವರ್ಷ. ಶಬ್ದವೂ ಫಿಲ್ಮಿನ ಮೇಲೆಯೇ ಬೆಳಕಿನ ಗೀರಾಗಿ ಅಚ್ಚಾಗುತ್ತಿತ್ತು. ಬಾಗಿಲ ಸದ್ದು, ಹೆಜ್ಜೆ ಸಪ್ಪಳ, ಮಳೆ, ಬಂಡಿ ಚಕ್ರ ಪ್ರತಿಯೊಂದನ್ನೂ ತುಂಡು ತುಂಡಾಗಿ ಕತ್ತರಿಸಿ, ಅಂಟಿಸಿ, ಚಿತ್ರದೊಂದಿಗೆ ಹೊಂದಿಸಬೇಕು. ಒಂದು ಹೆಜ್ಜೆಯ ಸಪ್ಪಳ ಒಂದೆರಡು ಫ್ರೇಮು ತಡವಾದರೂ ನೋಡುವವನಿಗೆ ಏನೋ ತಪ್ಪಿದೆ ಅನ್ನಿಸಿಬಿಡುತ್ತದೆ, ಏನು ತಪ್ಪಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಹಗಲೂ ರಾತ್ರಿ ಇದನ್ನು ಮಾಡಿದವನ ಕಿವಿ ಹೇಗೆ ಹದಗೊಂಡಿರಬೇಕು! ಪರದೆಯ ಮೇಲೆ ಅವರ ಹೆಸರು ಮೊದಲು ಬಂದದ್ದು 1935ರ ಹತ್ತು ನಿಮಿಷದ ಕಿರುಚಿತ್ರವೊಂದಕ್ಕೆ. ಅರ್ಧಕ್ಕೆ ಕೈಬಿಟ್ಟ ಒಂದು ಚಿತ್ರದ ಉಳಿಕೆ ರೀಲುಗಳಿಂದ ಕಟ್ಟಿದ ಫಿಜಿ ದ್ವೀಪದ ಪ್ರವಾಸ ಚಿತ್ರ ಅದು. ಬೇರೆಯವರು ಅರ್ಧಕ್ಕೆ ಬಿಟ್ಟದ್ದನ್ನು ಕೈಗೆತ್ತಿಕೊಂಡು ಮುಗಿಸುವ ಕೆಲಸ ಮುಂದೆ ಅವರ ಬದುಕಿನುದ್ದಕ್ಕೂ ಬಂತು.

ಹಿರಿಯ ಸಂಕಲನಕಾರ ವಿಲಿಯಂ ಹ್ಯಾಮಿಲ್ಟನ್ ಕೈಕೆಳಗೆ ಪಳಗಿ, ತಾವೇ ಸಂಕಲನಕಾರರಾಗಿ, 1940ರಲ್ಲಿ ತನ್ನಷ್ಟೇ ವಯಸ್ಸಿನ ನಿರ್ದೇಶಕ ಆರ್ಸನ್ ವೆಲ್ಸ್ ಜೊತೆ 'ಸಿಟಿಜನ್ ಕೇನ್' ಸಂಕಲನಕ್ಕೆ ಕೂತರು. 'ಕೇನ್' ಬಗ್ಗೆ ಹೊಸದಾಗಿ ಹೇಳುವಂಥದ್ದು ಹೆಚ್ಚಿಲ್ಲ. ಅದರೊಳಗಿನ ಸುದ್ದಿಚಿತ್ರ ಹಳೆಯದಾಗಿ ಕಾಣಲೆಂದು ಫಿಲ್ಮನ್ನೇ ನೆಲದ ಮೇಲೆ ಎಳೆದಾಡಿ ಗೀಚು ಹಾಕಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ತಿಂಡಿಯ ಮೇಜಿನ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಪತ್ರಿಕೆಗಳ ಒಡೆಯ ಕೇನ್ ಮತ್ತು ಮೊದಲ ಹೆಂಡತಿ ಎಮಿಲಿಯ ದಾಂಪತ್ಯ ಕೆಲವೇ ನಿಮಿಷಗಳಲ್ಲಿ ಮುರಿದು ಬೀಳುತ್ತದೆ. ಮೊದಲು ಮಾತು ಮೃದು, ಉದ್ದ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು. ಆಮೇಲೆ ಮಾತು ಚಿಕ್ಕದಾಗುತ್ತದೆ, ದನಿ ಗಟ್ಟಿಯಾಗುತ್ತದೆ, ಒಬ್ಬರ ವಾಕ್ಯವನ್ನು ಇನ್ನೊಬ್ಬರು ಕತ್ತರಿಸುತ್ತಾರೆ. ಕೊನೆಗೆ ಮಾತೇ ಇಲ್ಲ, ಆಕೆ ಗಂಡನ ಎದುರಾಳಿಯ ಪತ್ರಿಕೆ ಓದುತ್ತಾ ಕೂತಿದ್ದಾಳೆ. ಇನ್ನೊಂದು ಕಡೆ, ಎರಡನೇ ಹೆಂಡತಿ ಸೂಸನ್‌ಳ ಸಂಗೀತದ ವೃತ್ತಿ ಕುಸಿಯುವಾಗ ಅವಳ ದನಿಯೇ ಇಳಿದು ಇಳಿದು ನಂದಿಹೋಗುತ್ತದೆ, ದೀಪದ ತಂತಿಯೂ ಅದರ ಜೊತೆಗೇ ಆರುತ್ತದೆ. ಇದರಲ್ಲಿ ವೆಲ್ಸ್ ಪಾಲು ದೊಡ್ಡದು, ಅವರು ರೇಡಿಯೊದಿಂದ ಬಂದವರು, ಯೋಚನೆ ಅವರದೇ. ಆದರೆ ಆ ಯೋಚನೆಯನ್ನು ಫ್ರೇಮು ಫ್ರೇಮಿನ ಲೆಕ್ಕದಲ್ಲಿ ಹಿಡಿದು ನಿಲ್ಲಿಸಿದ ಕೈ ವೈಸ್ ಅವರದು. ಆ ಸಂಕಲನಕ್ಕೆ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಪಮೋನಾದ ನಗು

ಈಗ ಕಷ್ಟದ ವಿಷಯ. ವೈಸ್ ಬಗ್ಗೆ ಪ್ರೀತಿಯಿಂದ ಬರೆಯುವ ಯಾರೇ ಆದರೂ ವೆಲ್ಸ್ ನಿರ್ದೇಶಿಸಿದ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಎಂಬ ಮುಳ್ಳನ್ನು ದಾಟಿ ಹೋಗುವಂತಿಲ್ಲ.

1942ರ ಫೆಬ್ರವರಿಯಲ್ಲಿ ವೆಲ್ಸ್ ಇನ್ನೊಂದು ಚಿತ್ರಕ್ಕಾಗಿ ಬ್ರೆಜಿಲ್‌ಗೆ ಹೋದರು. 'ಆಂಬರ್ಸನ್ಸ್' ಅಂತಿಮ ಸಂಕಲನ ವೈಸ್ ಕೈಯಲ್ಲಿತ್ತು. ಪ್ರತಿ ಹಿಡಿದುಕೊಂಡು ವೈಸ್ ರಿಯೊಗೆ ಹೋಗಿ ಇಬ್ಬರೂ ಒಟ್ಟಿಗೆ ಕೂತು ಮುಗಿಸಬೇಕೆಂಬ ಏರ್ಪಾಡಿತ್ತು. ಯುದ್ಧಕಾಲದ ಪ್ರಯಾಣ ನಿರ್ಬಂಧಗಳಿಂದ ಅದು ಆಗಲಿಲ್ಲ. ಸಾವಿರಾರು ಮೈಲಿ ದೂರದಿಂದ ತಂತಿಗಳಲ್ಲಿ, ಕಾಗದಗಳಲ್ಲಿ ಸಂಕಲನ ನಡೆಯಿತು. ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದ ಪಮೋನಾ ಊರಿನ ಒಂದು ಚಿತ್ರಮಂದಿರದಲ್ಲಿ, ಬಿಡುಗಡೆಗೆ ಮುಂಚಿನ ಪರೀಕ್ಷೆಗೆಂದು (ಪ್ರಿವ್ಯೂ), ಪ್ರೇಕ್ಷಕರಿಗೆ ತೋರಿಸಿದರು. ಆವತ್ತು ಅದಕ್ಕೂ ಮೊದಲು ಅಲ್ಲಿ ಓಡಿದ್ದು ಡೊರೊಥಿ ಲಮೂರ್ ನಟಿಸಿದ, ನೌಕಾಪಡೆಯ ಹುಡುಗರ ಹಾಡು ಕುಣಿತದ ಚಿತ್ರ. ಅಮೆರಿಕ ಯುದ್ಧಕ್ಕಿಳಿದು ಮೂರು ತಿಂಗಳಾಗಿತ್ತಷ್ಟೆ. ನಗುತ್ತಾ ಕೂತಿದ್ದ ಜನರ ಮುಂದೆ, ಮೋಟಾರು ಕಾರು ಬಂದು ಹಳೆಯ ದೊಡ್ಡ ಮನೆತನವೊಂದು ಕರಗಿಹೋಗುವ, ದುಃಖದ ಚಿತ್ರ ಬಂತು.

ಜನ ನಕ್ಕರು. ಆಗ್ನೆಸ್ ಮೂರ್‌ಹೆಡ್ ಮಾಡಿದ ಫ್ಯಾನಿ ಅತ್ತೆ ತಣ್ಣಗಾದ ಬಾಯ್ಲರಿಗೆ ಒರಗಿ ಕುಸಿದು ಅಳುವ ಪಾತ್ರ. ಅಮೆರಿಕದ ಚಿತ್ರಗಳಲ್ಲೇ ಅಂಥ ಅಭಿನಯ ಅಪರೂಪ. ಅವಳ ಅಳುವಿಗೆ ಪ್ರೇಕ್ಷಕರು ನಕ್ಕರು. ಎದ್ದು ಹೋದರು. ಅಭಿಪ್ರಾಯದ ಚೀಟಿಗಳಲ್ಲಿ ಹೆಚ್ಚಿನವು ಕಟುವಾಗಿದ್ದವು, ಮೆಚ್ಚಿದ ಕೆಲವರು ಮಾತ್ರ ತುಂಬಾ ಮೆಚ್ಚಿ ಬರೆದಿದ್ದರು. ವೈಸ್ ಆ ಕತ್ತಲಲ್ಲಿ ಕೂತು ಆ ನಗುವನ್ನು ಕೇಳಿದರು. ನಾನು ಈ ಗಳಿಗೆಯನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಬೇರೆ ಯಾರೇ ಆಗಿದ್ದರೂ ಆ ನಗುವನ್ನು ಊರಿನ ಹುಡುಗರ ಪೋಲಿತನ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇವರು ಕೇಳಿಸಿಕೊಳ್ಳುವುದನ್ನೇ ವೃತ್ತಿ ಮಾಡಿಕೊಂಡವರು. ಸಭಾಂಗಣದಲ್ಲಿ ಏಳುವ ಸದ್ದು ಅವರ ಪಾಲಿಗೆ ಚಿತ್ರದ್ದೇ ಒಂದು ಭಾಗ. ಅದನ್ನು ಕೇಳಿಯೂ ಕೇಳದಂತಿರುವುದು ಅವರಿಂದ ಸಾಧ್ಯವಿರಲಿಲ್ಲ.

ಮುಂದೆ ಆದದ್ದು ಎಲ್ಲರಿಗೂ ಗೊತ್ತು. ಸ್ಟುಡಿಯೊ ಆಜ್ಞೆಯಂತೆ ಕತ್ತರಿ ಆಡಿತು. ಕೊನೆಗೆ ಉಳಿದದ್ದು 88 ನಿಮಿಷ. ಕೆಲವು ದೃಶ್ಯಗಳನ್ನು ಹೊಸದಾಗಿ ತೆಗೆದು ಸೇರಿಸಿದರು, ಅದರಲ್ಲೊಂದನ್ನು, ತಾಯಿ ಮಗನ ದೃಶ್ಯವನ್ನು, ವೈಸ್ ಅವರೇ ನಿರ್ದೇಶಿಸಿದರು. ಕತ್ತರಿಸಿದ ಭಾಗಗಳನ್ನು ಸ್ಟುಡಿಯೊ ನಾಶ ಮಾಡಿತು. ಬ್ರೆಜಿಲ್‌ಗೆ ಕಳಿಸಿದ್ದ ಪ್ರತಿ ಇವತ್ತಿನವರೆಗೂ ಸಿಕ್ಕಿಲ್ಲ. ಸಂಗೀತ ಮಾಡಿದ ಬರ್ನಾರ್ಡ್ ಹರ್ಮನ್ ತನ್ನ ಕೆಲಸಕ್ಕೆ ಕತ್ತರಿ ಬಿದ್ದದ್ದಕ್ಕೆ ಸಿಟ್ಟಾಗಿ ಹೆಸರನ್ನೇ ತೆಗೆಸಿಹಾಕಿದರು. ಹೊಸ ಮುಕ್ತಾಯದಲ್ಲಿ, ಮೋಟಾರು ಕಾರು ತಯಾರಿಸುವ ಯೂಜಿನ್ ಮತ್ತು ಫ್ಯಾನಿ ಆಸ್ಪತ್ರೆಯ ಓಣಿಯಲ್ಲಿ ಸಮಾಧಾನದಿಂದ ನಡೆದುಹೋಗುತ್ತಾರೆ.

ನನಗೆ ಹೆಚ್ಚು ನೋವಾಗುವುದು ಆ ಕಳೆದುಹೋದ ಮುಕ್ತಾಯ ಹೇಗಿತ್ತು ಎಂಬುದನ್ನು ಓದಿದಾಗ. ಅದರ ಲಿಖಿತ ದಾಖಲೆ ಉಳಿದಿದೆ. ಬಡವಾದ ಬಾಡಿಗೆ ವಸತಿಗೃಹ. ಫ್ಯಾನಿ ತೂಗುಕುರ್ಚಿಯಲ್ಲಿ ಕೂತಿದ್ದಾಳೆ, ಕುರ್ಚಿ ಕಿರುಗುಟ್ಟುತ್ತಿದೆ. ಹಿಂದೆಲ್ಲೋ ಗ್ರಾಮೊಫೋನ್‌ನಲ್ಲಿ ಹಾಸ್ಯದ ತಟ್ಟೆ ಹಾಡುತ್ತಿದೆ. ಯೂಜಿನ್ ಅವಳೊಂದಿಗೆ ಮಾತಾಡುತ್ತಾನೆ, ಹೇಳಿಕೊಳ್ಳಲು ಇಬ್ಬರ ನಡುವೆ ಏನೂ ಉಳಿದಿಲ್ಲ. ಕಿರುಗುಟ್ಟುವ ಕುರ್ಚಿ, ಯಾರಿಗೂ ಬೇಡದ ಜೋಕು, ಮುಗಿದ ಬದುಕು. ಹೆಚ್ಚುಕಡಿಮೆ ಶಬ್ದದಿಂದಲೇ ಕಟ್ಟಿದ ಮುಕ್ತಾಯ ಅದು. ಅದರ ಬೆಲೆ ವೈಸ್ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ?

ಅವರನ್ನು ಕಟುಕ ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ನಿರ್ಧಾರ ಸ್ಟುಡಿಯೊದ್ದು, ಸಂಬಳದ ಸಂಕಲನಕಾರನಾಗಿದ್ದ 27ರ ಹುಡುಗ ಒಲ್ಲೆ ಎಂದಿದ್ದರೆ ಮಾರನೇ ದಿನ ಇನ್ನೊಬ್ಬ ಬಂದು ಇದಕ್ಕಿಂತ ಕೆಟ್ಟದಾಗಿ ಕತ್ತರಿಸುತ್ತಿದ್ದ. ಚಿತ್ರ ಇಂದಿಗೂ ಶ್ರೇಷ್ಠವೆಂದು ಉಳಿದಿದೆ ಅಂದರೆ ನಾವು ಎಲ್ಲವನ್ನೂ ಹಾಳು ಮಾಡಿಲ್ಲ ಎಂದಲ್ಲವೇ, ಎಂಬರ್ಥದ ಮಾತನ್ನು ವೈಸ್ ಮುಂದೆ ಆಡಿದ್ದಾರೆ. ಆ ಸಮಜಾಯಿಷಿ ನನಗೆ ಸಾಲದು. ಆ ರಾತ್ರಿ ನಕ್ಕವರ ಜೊತೆ, ನಗದೆ ಸುಮ್ಮನೆ ಕೂತವರೂ ಇದ್ದರು. ಸುಮ್ಮನಿದ್ದವರ ಮೆಚ್ಚುಗೆ ಕಿವಿಗೆ ಬೀಳುವುದಿಲ್ಲ. ಜನರ ಸದ್ದಿಗೆ ಕಿವಿಯೊಡ್ಡುವ ಗುಣ ವೈಸ್ ಅವರ ದೊಡ್ಡ ಶಕ್ತಿ, ಆ ಚಿತ್ರಕ್ಕೆ ದೊಡ್ಡ ಏಟು ಬಿದ್ದದ್ದೂ ಅದರಿಂದಲೇ. ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕು.

ಒಂದು ಮಾತು ಇಲ್ಲೇ ಸೇರಿಸಬೇಕು. ಒಂಬತ್ತು ವರ್ಷದ ನಂತರ 'ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' ಚಿತ್ರಕ್ಕೆ ಸಂಗೀತ ಮಾಡಿದವರು ಅದೇ ಬರ್ನಾರ್ಡ್ ಹರ್ಮನ್. ಕೈ ಮುಟ್ಟಿಸದೆ ನುಡಿಸುವ ತೆರಮಿನ್ ಎಂಬ ವಿದ್ಯುತ್ ವಾದ್ಯಗಳೆರಡರ ಆ ನಡುಗುವ ದನಿ ಮುಂದೆ ಅನ್ಯಗ್ರಹವೆಂದರೆ ಹೀಗೇ ಕೇಳಿಸಬೇಕು ಎಂಬಷ್ಟು ಜನರ ಮನಸ್ಸಿನಲ್ಲಿ ಕೂತಿತು. ಆ ಚಿತ್ರದ ತಿರುಳೂ ಒಂದು ನಿಶ್ಶಬ್ದವೇ: ಅನ್ಯಗ್ರಹದಿಂದ ಬಂದ ಕ್ಲಾಟು ಅರ್ಧ ಗಂಟೆ ಕಾಲ ಲೋಕದ ವಿದ್ಯುತ್ತನ್ನೆಲ್ಲ ನಿಲ್ಲಿಸುತ್ತಾನೆ, ಆಸ್ಪತ್ರೆಗಳನ್ನೂ ಹಾರುತ್ತಿರುವ ವಿಮಾನಗಳನ್ನೂ ಬಿಟ್ಟು. ಬಾಂಬು ಹಾಕಿ ಹೆದರಿಸಬಹುದಾದವನು ಲೋಕವನ್ನು ಸುಮ್ಮನಾಗಿಸಿ ಹೆದರಿಸುತ್ತಾನೆ.

ಹಾಡು ನಿಂತ ಜಾಗ

ವೈಸ್ ನಿರ್ದೇಶಕರಾದದ್ದೂ ಇನ್ನೊಬ್ಬರು ಅರ್ಧ ಮಾಡಿದ ಕೆಲಸದಿಂದ. 'ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್' (1944) ಚಿತ್ರಕ್ಕೆ ಅವರು ಸಂಕಲನಕಾರರು. ನಿರ್ದೇಶಕ ಗುಂಟರ್ ಫಾನ್ ಫ್ರಿಚ್ ಕೊಟ್ಟ ದಿನಗಳಲ್ಲಿ ಅರ್ಧವನ್ನಷ್ಟೇ ಮುಗಿಸಿದ್ದರಿಂದ ನಿರ್ಮಾಪಕ ವಾಲ್ ಲ್ಯೂಟನ್ ಆ ಜಾಗಕ್ಕೆ ಇವರನ್ನು ಕೂರಿಸಿದರು. ಲ್ಯೂಟನ್ ಹತ್ತಿರ ದುಡ್ಡಿರಲಿಲ್ಲ, ಆದ್ದರಿಂದ ದೆವ್ವವನ್ನು ತೋರಿಸುವ ಬದಲು ಕತ್ತಲನ್ನೂ ಸದ್ದನ್ನೂ ನಂಬಿದ್ದರು. ವೈಸ್ ಅವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುತ್ತಿರಲಿಲ್ಲ.

ಮರುವರ್ಷದ 'ದಿ ಬಾಡಿ ಸ್ನ್ಯಾಚರ್' ಚಿತ್ರದಲ್ಲಿ ಒಂದು ಷಾಟ್ ಇದೆ. ಎಡಿನ್‌ಬರೊದ ರಾತ್ರಿ, ಬೀದಿಯಲ್ಲಿ ಹಾಡಿ ಬೇಡುವ ಹುಡುಗಿಯೊಬ್ಬಳು ಹಾಡುತ್ತಾ ಕಮಾನಿನ ಕೆಳಗಿನ ಕತ್ತಲೊಳಗೆ ನಡೆದುಹೋಗುತ್ತಾಳೆ. ಬೋರಿಸ್ ಕಾರ್ಲೊಫ್ ಓಡಿಸುವ ಕುದುರೆಗಾಡಿ ಅವಳ ಹಿಂದೆ ನಿಧಾನವಾಗಿ ಹೋಗಿ ಅದೇ ಕತ್ತಲಲ್ಲಿ ಮರೆಯಾಗುತ್ತದೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ನಮಗೆ ಕಾಣುವುದು ಖಾಲಿ ಬೀದಿ, ಕೇಳುವುದು ದೂರವಾಗುತ್ತಿರುವ ಹಾಡು. ಒಂದು ಕಡೆ ಹಾಡು ಪಕ್ಕನೆ ನಿಲ್ಲುತ್ತದೆ. ಅಷ್ಟೇ. ಕಿರುಚಾಟವಿಲ್ಲ, ರಕ್ತವಿಲ್ಲ, ಎದೆ ನಡುಗಿಸುವ ವಾದ್ಯವಿಲ್ಲ. ಒಂದು ಜೀವ ಹೋಯಿತೆಂದು ನಮಗೆ ಗೊತ್ತಾಗುವುದು ಹಾಡಿನ ಸಾಲು ಪೂರ್ತಿಯಾಗದೆ ಉಳಿದದ್ದರಿಂದ. ಯಾವ ಅಕ್ಷರಕ್ಕೆ ದನಿಯನ್ನು ತುಂಡರಿಸಬೇಕು ಎಂಬುದು ಶಬ್ದ ವಿಭಾಗದಲ್ಲಿ ಬೆರಳು ಸವೆಸಿದವನಿಗಷ್ಟೇ ಹೊಳೆಯುವ ಸಂಗತಿ.

'ದಿ ಸೆಟ್-ಅಪ್' (1949) ನನಗೆ ಅವರ ಎಲ್ಲ ಚಿತ್ರಗಳಿಗಿಂತ ಹತ್ತಿರದ್ದು. ಮೂವತ್ತೈದರ ಬಾಕ್ಸರ್ ಸ್ಟೋಕರ್ ಥಾಂಪ್ಸನ್, ಈ ಪಂದ್ಯ ಸೋಲುತ್ತಾನೆಂದು ಅವನ ಮ್ಯಾನೇಜರ್ ಅವನಿಗೇ ಹೇಳದೆ ದುಡ್ಡು ತಿಂದಿದ್ದಾನೆ. ಗಡಿಯಾರದಲ್ಲಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಆರಂಭ, ಮುಂದಿನ ಒಂದೂಕಾಲು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಕಥೆಯ ಕಾಲವೂ ಚಿತ್ರದ ಕಾಲವೂ ಒಂದೇ. ಇದಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಸಂಗೀತ ಕೇಳಿದರೆ ಅದು ಅಕ್ಕಪಕ್ಕದ ಡ್ಯಾನ್ಸ್ ಹಾಲ್‌ನಿಂದ ಬರುವುದು. ಉಳಿದದ್ದು ಗಂಟೆ, ಕೈಗವಸಿನ ಏಟು, ಜನರ ಗದ್ದಲ. ಆ ಜನರನ್ನು ನೋಡಿ: ಒಬ್ಬ ಕುರುಡ, ಪಂದ್ಯವನ್ನು ಪಕ್ಕದವನ ಬಾಯಿಂದ ಕೇಳಿ 'ನೋಡುತ್ತಿದ್ದಾನೆ', ಮತ್ತು ಸುತ್ತಲಿನ ಯಾರಿಗೂ ಕಡಿಮೆಯಿಲ್ಲದ ಕ್ರೌರ್ಯದಿಂದ ಕೂಗುತ್ತಿದ್ದಾನೆ. ಇನ್ನೊಬ್ಬ ಬಾಕ್ಸಿಂಗ್ ನೋಡುತ್ತಲೇ ಕಿವಿಗೆ ರೇಡಿಯೊ ಹಿಡಿದು ಬೇಸ್‌ಬಾಲ್ ಕೇಳುತ್ತಿದ್ದಾನೆ. ಹೊರಗೆ ಸ್ಟೋಕರ್‌ನ ಹೆಂಡತಿ ಜೂಲಿ, ಗಂಡ ಇನ್ನೊಮ್ಮೆ ಏಟು ತಿನ್ನುವುದನ್ನು ನೋಡಲಾರೆನೆಂದು ಊರೆಲ್ಲ ಅಲೆಯುತ್ತಾಳೆ, ಸೇತುವೆಯ ಮೇಲೆ ನಿಂತು ಟಿಕೆಟ್ಟನ್ನು ಹರಿದು ಕೆಳಗಿನ ವಾಹನಗಳ ಮೇಲೆ ಉದುರಿಸುತ್ತಾಳೆ. ಸ್ಟೋಕರ್ ಗೆಲ್ಲುತ್ತಾನೆ, ಗೆದ್ದ ತಪ್ಪಿಗೆ ಓಣಿಯಲ್ಲಿ ಸಿಕ್ಕಿಬೀಳುತ್ತಾನೆ. ಜೂಜುಕೋರರು ಅವನ ಕೈ ಜಜ್ಜುವಾಗ ಗೋಡೆಯ ಮೇಲೆ ಡ್ಯಾನ್ಸ್ ಹಾಲ್‌ನ ವಾದ್ಯಗಾರರ ನೆರಳು ಕುಣಿಯುತ್ತಿರುತ್ತದೆ, ಡ್ರಮ್ಮಿನ ಸದ್ದು ಎಲ್ಲವನ್ನೂ ಮುಚ್ಚುತ್ತದೆ. ಪಮೋನಾದ ಕತ್ತಲಲ್ಲಿ ಪ್ರೇಕ್ಷಕರ ಸದ್ದು ಕೇಳಿ ಬಂದ ಮನುಷ್ಯ, ಏಳು ವರ್ಷದ ಮೇಲೆ, ರಕ್ತ ಕೇಳುವ ಪ್ರೇಕ್ಷಕರ ಬಗ್ಗೆಯೇ ಚಿತ್ರ ಮಾಡಿದರು. ಇದನ್ನು ಅವರು ಎಲ್ಲಿಯೂ ಹೇಳಿಕೊಂಡಿಲ್ಲ, ನಂಟು ಹಾಕಿದವನು ನಾನು. ಆದರೆ ಆ ಚಿತ್ರ ನೋಡುವಾಗ ಬೇರೆ ಯೋಚನೆ ನನಗೆ ಬರುವುದಿಲ್ಲ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು.

'ಎಕ್ಸಿಕ್ಯುಟಿವ್ ಸೂಟ್' (1954) ಇಡೀ ಚಿತ್ರಕ್ಕೂ ಸಂಗೀತ ಇಲ್ಲ, ಗಂಟೆಯ ನಾದ ಮತ್ತು ಬೀದಿಯ ಸದ್ದು ಮಾತ್ರ. ದೊಡ್ಡ ದೊಡ್ಡ ತಾರೆಯರಿದ್ದ ಎಂಜಿಎಂ ಸ್ಟುಡಿಯೊದ ಚಿತ್ರಕ್ಕೆ ವಾದ್ಯವೃಂದ ಬೇಡವೆನ್ನುವ ಧೈರ್ಯ ಆ ಕಾಲಕ್ಕೆ ಸಣ್ಣದಲ್ಲ. 'ಐ ವಾಂಟ್ ಟು ಲಿವ್!' (1958) ಚಿತ್ರದಲ್ಲಿ ಸೂಸನ್ ಹೇವರ್ಡ್ ಮರಣದಂಡನೆಗೆ ಕಾದು ಕೂತಿದ್ದಾಳೆ. ಅನಿಲ ಕೋಣೆಯನ್ನು ಸಿದ್ಧಪಡಿಸುವ ಒಂದೊಂದು ಕೆಲಸವನ್ನೂ, ನಳಿಗೆ, ಆಮ್ಲ, ಸಯನೈಡ್ ಗುಳಿಗೆ, ಕಚೇರಿ ಕೆಲಸದಷ್ಟು ತಣ್ಣಗೆ ತೋರಿಸುತ್ತಾರೆ. ನಡುವೆ ಫೋನು ಬಡಿದುಕೊಳ್ಳುತ್ತದೆ: ತಡೆ ಸಿಕ್ಕಿತು. ಮತ್ತೆ ಸಿದ್ಧತೆ, ಮತ್ತೆ ಫೋನು. ಆ ಗಂಟೆ ಸದ್ದು ಬದುಕಿನದೋ ಚಿತ್ರಹಿಂಸೆಯದೋ ತಿಳಿಯದಾಗುತ್ತದೆ. ಈ ಚಿತ್ರಕ್ಕಾಗಿ ವೈಸ್ ಸ್ಯಾನ್ ಕ್ವೆಂಟಿನ್ ಜೈಲಿಗೆ ಹೋಗಿ ನಿಜವಾದ ಮರಣದಂಡನೆಯೊಂದನ್ನು ಕಣ್ಣಾರೆ ನೋಡಿದ್ದರು.

ಅಡುಗೆಮನೆಯಿಂದ ಕೇಳಿದ ಚಿತ್ರ

ನಾನು 'ದಿ ಹಾಂಟಿಂಗ್' ಮೊದಲು ನೋಡಿದ್ದು ನಮ್ಮ ಮನೆಯ ನಡುಕೋಣೆಯಲ್ಲಿ, ಒಂದು ರಾತ್ರಿ ಊಟಕ್ಕೆ ಮುಂಚೆ. ಅಮ್ಮ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಚಿತ್ರದಲ್ಲಿ ಎಲೀನರ್ ಮತ್ತು ಥಿಯೊ ಮಂಚದ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೂತಿರುವ ದೃಶ್ಯ. ಹೊರಗಿನ ಓಣಿಯಲ್ಲಿ ಏನೋ ಗೋಡೆಯನ್ನು ಗುದ್ದುತ್ತಾ ಹತ್ತಿರ ಬರುತ್ತಿದೆ, ಒಂದೊಂದು ಬಾಗಿಲನ್ನೂ ಪರೀಕ್ಷಿಸುತ್ತಿದೆ. ಅಮ್ಮ ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬಂದಳು. "ಯಾರೋ ಅದು, ಅಷ್ಟು ಜೋರಾಗಿ ಬಾಗಿಲು ಬಡೀತಿರೋದು? ನೋಡಬಾರ್ದಾ?" ಅಂದಳು. "ಸಿನಿಮಾದಲ್ಲಮ್ಮ" ಅಂದೆ. ಅವಳು ಪರದೆ ನೋಡಿದಳು. ಅಲ್ಲಿದ್ದದ್ದು ಇಬ್ಬರು ಹೆಂಗಸರು ಮತ್ತು ಒಂದು ಮುಚ್ಚಿದ ಬಾಗಿಲು, ಇನ್ನೇನೂ ಇಲ್ಲ. ಅವಳು ಒಳಗೆ ಹೋಗಲಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮ, ದೆವ್ವದ ಚಿತ್ರವೆಂದರೆ ಎದ್ದು ಹೋಗುವ ಅಮ್ಮ, ನನ್ನ ಪಕ್ಕದಲ್ಲಿ ಕೂತು ಉಳಿದದ್ದನ್ನೆಲ್ಲ ನೋಡಿದಳು. ಮಾತು ಅರ್ಥವಾಗದೆಯೂ ಯಾವ ಗಳಿಗೆಗೆ ಹೆದರಬೇಕೋ ಆ ಗಳಿಗೆಗೆ ಸರಿಯಾಗಿ ನನ್ನ ತೋಳು ಹಿಡಿಯುತ್ತಿದ್ದಳು.

ಈ ಚಿತ್ರದಲ್ಲಿ ದೆವ್ವ ಒಂದೇ ಒಂದು ಸಲವೂ ಕಾಣಿಸುವುದಿಲ್ಲ. ಒಂದು ಬಾಗಿಲು ಉಸಿರಾಡುವಂತೆ ಒಳಗೆ ಉಬ್ಬುತ್ತದೆ. ಹಲವು ಪದರದ ಮರದಿಂದ ಮಾಡಿದ ಬಾಗಿಲನ್ನು ಆಚೆಯಿಂದ ದಿಮ್ಮಿ ಒತ್ತಿ ಉಬ್ಬಿಸಿದ್ದು, ಅಷ್ಟೇ ಅದರ ತಂತ್ರ. ಎಲ್ಲಕ್ಕಿಂತ ಭಯದ ದೃಶ್ಯದಲ್ಲಿ ಕ್ಯಾಮೆರಾ ನೋಡುವುದು ಗೋಡೆಯ ಮೇಲಿನ ಹೂಬಳ್ಳಿಯ ಚಿತ್ತಾರವನ್ನು. ಗೋಡೆಯಾಚೆಯಿಂದ ಗಂಡಸೊಬ್ಬನ ಗೊಣಗಾಟ, ಮಗುವಿನ ಅಳು. ಆ ಗೊಣಗಾಟದಲ್ಲಿ ಮಾತು ಇರುವಂತಿದೆ, ಒಂದೂ ತಿಳಿಯುವುದಿಲ್ಲ. ಕೇಳುತ್ತಾ ಕೇಳುತ್ತಾ ಚಿತ್ತಾರದೊಳಗೆ ನಮಗೇ ಮುಖವೊಂದು ಕಾಣತೊಡಗುತ್ತದೆ. ಎಲೀನರ್ ಕತ್ತಲಲ್ಲಿ ಗೆಳತಿಯ ಕೈ ಬಿಗಿಯಾಗಿ ಹಿಡಿದಿದ್ದಾಳೆ, ದೀಪ ಹತ್ತಿದಾಗ ಗೆಳತಿ ಕೋಣೆಯ ಆ ಮೂಲೆಯಲ್ಲಿದ್ದಾಳೆ. ಹಾಗಾದರೆ ಹಿಡಿದಿದ್ದ ಕೈ ಯಾರದು? ಶರ್ಲಿ ಜಾಕ್ಸನ್ ಕಾದಂಬರಿಯಲ್ಲೇ ಇರುವ ಪ್ರಶ್ನೆ ಇದು, ಆದರೆ ಅದನ್ನು ಕಿವಿಯ ಮೂಲಕ ಮೈಗೆ ಮುಟ್ಟಿಸಿದವರು ವೈಸ್. ಅವರು ಈ ಕಾದಂಬರಿ ಓದಿದ್ದು 'ವೆಸ್ಟ್ ಸೈಡ್ ಸ್ಟೋರಿ' ಕೆಲಸ ನಡೆಯುತ್ತಿದ್ದಾಗ. ಹಗಲೆಲ್ಲ ನೂರು ಜನರ ಹಾಡು ಕುಣಿತ, ಬಿಡುವಿನಲ್ಲಿ ಈ ಒಂಟಿ ಮನೆಯ ಸದ್ದು.

ಹಾಡಿನ ಚಿತ್ರಗಳ ಮೊದಲ ನಿಮಿಷಗಳು

ಇಷ್ಟು ಗಮನಿಸಿದ ಮೇಲೆ ಎರಡು ಪ್ರಸಿದ್ಧ ಹಾಡಿನ ಚಿತ್ರಗಳ ಆರಂಭವನ್ನು ನೋಡಿ. 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಹೆಲಿಕಾಪ್ಟರಿನಿಂದ ನೆಟ್ಟಗೆ ಕೆಳಗೆ ನೋಡುವ ಮ್ಯಾನ್‌ಹ್ಯಾಟನ್: ದೂರದ ನಗರದ ಗುಂಯ್ ಅನ್ನುವ ಸದ್ದು, ಎಲ್ಲೋ ಒಂದು ಸಿಳ್ಳೆ, ಆಮೇಲೆ ಚಿಟಿಕೆ. ಆ ಚಿಟಿಕೆಯಿಂದ ನೃತ್ಯ ಹುಟ್ಟುತ್ತದೆ. 'ದಿ ಸೌಂಡ್ ಆಫ್ ಮ್ಯೂಸಿಕ್'ನಲ್ಲಿ ಮೋಡ ಮುಸುಕಿದ ಆಲ್ಪ್ಸ್ ಬೆಟ್ಟಗಳ ಮೇಲೆ ಕ್ಯಾಮೆರಾ ಹಾರುತ್ತದೆ, ಕೇಳುವುದು ಗಾಳಿ ಮಾತ್ರ. ನಿಧಾನವಾಗಿ ಹಕ್ಕಿ ಉಲಿ, ಆಮೇಲೆ ಕೊಳಲಿನ ಎಳೆ, ಆಮೇಲೆ ವಾದ್ಯವೃಂದ, ಕೊನೆಗೆ ಜೂಲಿ ಆಂಡ್ರೂಸ್ ದನಿ. ಎರಡೂ ಕಡೆ ಸಂಗೀತ ಶುರುವಾಗುವುದಿಲ್ಲ, ಸದ್ದಿನಿಂದ ಮೇಲೇಳುತ್ತದೆ. ಬ್ರಾಡ್‌ವೇ ರಂಗದ ಮೇಲೆ ಇದು ಆಗದ ಕೆಲಸ. ಸಂಗೀತವೇ ಎಲ್ಲವೂ ಆದ ಚಿತ್ರವನ್ನು ಗಾಳಿಯಿಂದ ಆರಂಭಿಸಬೇಕಾದರೆ ಸಂಗೀತ ಎಲ್ಲಿಲ್ಲ ಎಂದು ಗೊತ್ತಿರಬೇಕು.

ನಮ್ಮಲ್ಲಿ ಕಾನ್ವೆಂಟ್ ಶಾಲೆಯಲ್ಲಿ ಓದಿದವರಿಗೆ 'ಡೊ-ರೆ-ಮಿ' ಹಾಡನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ. ಹಾಗೆ ಕಲಿತದ್ದರಿಂದಲೇ ನಾವು ಆ ಹಾಡಿನ ಸಂಕಲನವನ್ನು ಗಮನಿಸುವುದಿಲ್ಲ. ಗುಡ್ಡದ ಮೇಲೆ ಆರಂಭವಾದ ಸಾಲು ಬೀದಿಯಲ್ಲಿ, ಕುದುರೆಗಾಡಿಯಲ್ಲಿ, ತೋಟದ ಮೆಟ್ಟಿಲಲ್ಲಿ ಮುಂದುವರಿಯುತ್ತದೆ. ಬಟ್ಟೆ ಬದಲಾಗುತ್ತದೆ, ದಿನಗಳು ಉರುಳುತ್ತವೆ, ರಾಗ ಮಾತ್ರ ತುಂಡಾಗುವುದಿಲ್ಲ. ಕೇನ್ ದಾಂಪತ್ಯ ಒಂದು ಮೇಜಿನ ಸುತ್ತ ಒಡೆದ ರೀತಿಯಲ್ಲೇ ಇಲ್ಲಿ ಒಂದು ಮನೆ ಕೂಡಿಕೊಳ್ಳುತ್ತದೆ. ವಿಲಿಯಂ ರೆನಾಲ್ಡ್ಸ್ ಅವರ ಸಂಕಲನಕ್ಕೆ ಆಸ್ಕರ್ ಬಂತು. ಈ ಚಿತ್ರವನ್ನು ಸಕ್ಕರೆ ಪಾಕ ಎಂದು ಆಗಲೂ ಜರೆದರು, ಈಗಲೂ ಜರೆಯುತ್ತಾರೆ. ನನಗೆ ಅದು ಸಕ್ಕರೆ ಅನ್ನಿಸುವುದು ಎರಡು ಮೂರು ಕಡೆ ಮಾತ್ರ.

'ವೆಸ್ಟ್ ಸೈಡ್ ಸ್ಟೋರಿ' ಹತ್ತು ಆಸ್ಕರ್ ಗೆದ್ದಿತು. ನಿರ್ದೇಶನದ ಪ್ರಶಸ್ತಿಯನ್ನು ವೈಸ್ ಹಂಚಿಕೊಂಡದ್ದು ಜೆರೋಮ್ ರಾಬಿನ್ಸ್ ಜೊತೆ. ನೃತ್ಯಗಳೆಲ್ಲ ರಾಬಿನ್ಸ್ ಕಲ್ಪನೆ, ಆದರೆ ವೇಳಾಪಟ್ಟಿ ಮೀರಿದ್ದಕ್ಕೆ ನಿರ್ಮಾಪಕರು ಅವರನ್ನು ನಡುವಿನಲ್ಲೇ ಹೊರಗೆ ಕಳಿಸಿದ್ದರು. ಆ ಚಿತ್ರದಲ್ಲಿ ಇವತ್ತು ನೋಡಲು ಕಷ್ಟವಾಗುವ ಸಂಗತಿಯೂ ಇದೆ. ಪೋರ್ಟೊ ರಿಕೊದವರ ಪಾತ್ರಗಳಲ್ಲಿ ಬೇರೆಯವರು ಕಂದು ಬಣ್ಣ ಬಳಿದುಕೊಂಡು ನಿಂತಿದ್ದಾರೆ. ನಿಜವಾಗಿ ಅಲ್ಲಿಯವಳೇ ಆದ ರೀಟಾ ಮೊರೆನೊಗೂ ಬಣ್ಣ ಬಳಿದಿದ್ದರು. ಶಬ್ದದ ಸೂಕ್ಷ್ಮವನ್ನೆಲ್ಲ ಬಲ್ಲವರಿಗೆ ಇದು ಕಾಣಲಿಲ್ಲ. ಅದೇ ಚಿತ್ರದಲ್ಲಿ ನಾಟಲಿ ವುಡ್‌ಗೆ ಹಾಡಿದ ಮಾರ್ನಿ ನಿಕ್ಸನ್ ಹೆಸರು ತೆರೆಯ ಮೇಲೆ ಬರಲಿಲ್ಲ. ಎಷ್ಟೋ ತಾರೆಯರಿಗೆ ಮುಖವಿಲ್ಲದ ದನಿಯಾಗಿದ್ದ ಆಕೆ 'ದಿ ಸೌಂಡ್ ಆಫ್ ಮ್ಯೂಸಿಕ್'ನಲ್ಲಿ ಸನ್ಯಾಸಿನಿ ಸೋಫಿಯಾ ಆಗಿ ತನ್ನದೇ ಮುಖದೊಂದಿಗೆ ಹಾಡುತ್ತಾಳೆ. ಆ ದೃಶ್ಯ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಪ್ರಿವ್ಯೂ ಇಲ್ಲದ ಚಿತ್ರ

ಆಮೇಲಿನ ವರ್ಷಗಳು ಏರುಪೇರಿನವು. 'ದಿ ಸ್ಯಾಂಡ್ ಪೆಬಲ್ಸ್' (1966) ದೊಡ್ಡ ಚಿತ್ರ, ದೊಡ್ಡ ಮನಸ್ಸಿನ ಚಿತ್ರ. 'ಸ್ಟಾರ್!' (1968) ಸೋತಿತು. ನಮಗೆ ಕುತೂಹಲ ಹುಟ್ಟಿಸುವಂಥದ್ದು 'ಆಡ್ರಿ ರೋಸ್' (1977), ಪುನರ್ಜನ್ಮದ ಕಥೆ. ಅದರ ಕೊನೆಯಲ್ಲಿ ತೆರೆಯ ಮೇಲೆ ಭಗವದ್ಗೀತೆಯ ಸಾಲು ಬರುತ್ತದೆ, ಆತ್ಮಕ್ಕೆ ಹುಟ್ಟೂ ಇಲ್ಲ ಸಾವೂ ಇಲ್ಲ ಎನ್ನುವ, ನಾವೆಲ್ಲ ಬಲ್ಲ ಎರಡನೇ ಅಧ್ಯಾಯದ ಸಾಲು. ಚಿತ್ರ ಆ ಸಾಲಿನ ಎತ್ತರಕ್ಕೆ ಏರುವುದಿಲ್ಲ. ಪುನರ್ಜನ್ಮವನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲು ಹೊರಡುವ ಕಥೆ ನಮ್ಮಲ್ಲಿ ಬೆಳೆದವರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

'ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್' (1979) ಬೇರೆಯೇ ದುಃಖ. ಮುಂಬೈಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ನಟಿಸಿದ ಚಿತ್ರವೆಂದು ನಮ್ಮವರಿಗೆ ನೆನಪಿರಬಹುದು. ಡಿಸೆಂಬರ್ 7ಕ್ಕೆ ಬಿಡುಗಡೆಯೆಂದು ಚಿತ್ರಮಂದಿರಗಳಿಗೆ ಮಾತು ಕೊಟ್ಟಾಗಿತ್ತು. ವಿಶೇಷ ದೃಶ್ಯಗಳ ಕೆಲಸ ಮೊದಲು ವಹಿಸಿಕೊಂಡವರಿಂದ ಆಗದೆ ಡಗ್ಲಸ್ ಟ್ರಂಬುಲ್ ತಂಡ ಕೊನೆಯ ತಿಂಗಳುಗಳಲ್ಲಿ ಹಗಲಿರುಳು ಮಾಡಿ ಮುಗಿಸಿತು. ಹೀಗಾಗಿ ವೈಸ್ ಅವರಿಗೆ ಚಿತ್ರವನ್ನು ಕೂತು ಕೊನೆಯ ಸಲ ತಿದ್ದಲು ಸಮಯ ಸಿಗಲಿಲ್ಲ, ಪ್ರೇಕ್ಷಕರ ಮುಂದೆ ಒಮ್ಮೆಯೂ ಪ್ರಿವ್ಯೂ ಆಗಲಿಲ್ಲ. ಬದುಕಿಡೀ ಸಭಾಂಗಣದ ಸದ್ದು ಕೇಳಿ ಚಿತ್ರ ತಿದ್ದಿದ ಮನುಷ್ಯ, ತನ್ನ ಅತಿ ದೊಡ್ಡ ಖರ್ಚಿನ ಚಿತ್ರವನ್ನು ಯಾರ ಉಸಿರನ್ನೂ ಕೇಳದೆ ಬಿಡುಗಡೆ ಮಾಡಬೇಕಾಯಿತು. ಅದರಲ್ಲಿ ಎಳೆದಂತೆ ಕಾಣುವ ಭಾಗಗಳೆಲ್ಲ ಒಂದು ಪ್ರಿವ್ಯೂನಲ್ಲಿ ಪ್ರೇಕ್ಷಕರು ಕುರ್ಚಿಯಲ್ಲಿ ಮಿಸುಕಾಡಿದ್ದರೆ ಹೋಗಿಬಿಡುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಿದ್ದೂ ಅವರ ಕಿವಿ ಕೆಲಸ ಮಾಡಿದ ಜಾಗ ಒಂದಿದೆ. ಎಂಟರ್‌ಪ್ರೈಸ್ ನೌಕೆಯನ್ನು ತೋರಿಸುವ ದೃಶ್ಯಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್ ಮೊದಲು ಮಾಡಿದ ಸಂಗೀತ ಸೊಗಸಾಗಿತ್ತು, ಆದರೆ ಇದರಲ್ಲಿ ನೆನಪಿಟ್ಟುಕೊಳ್ಳುವ ರಾಗವಿಲ್ಲ ಎಂದು ವೈಸ್ ಒಪ್ಪಲಿಲ್ಲ. ಗೋಲ್ಡ್‌ಸ್ಮಿತ್ ಮತ್ತೆ ಕೂತು ಬರೆದ ರಾಗವೇ ಮುಂದೆ ಟಿವಿ ಸರಣಿಯ ಶೀರ್ಷಿಕೆ ಸಂಗೀತವೂ ಆಗಿ ಲೋಕದ ತುಂಬ ಹರಡಿತು.

2001ರಲ್ಲಿ, 87ನೇ ವಯಸ್ಸಿನಲ್ಲಿ, ಆ ಚಿತ್ರವನ್ನು ಮರಳಿ ಸಂಕಲಿಸುವ ಅವಕಾಶ ಅವರಿಗೆ ಸಿಕ್ಕಿತು. ದೃಶ್ಯಗಳನ್ನು ಬಿಗಿ ಮಾಡಿದರು, ಧ್ವನಿಪಥವನ್ನು ಹೊಸದಾಗಿ ಮಿಶ್ರಣ ಮಾಡಿಸಿದರು. ವೆಲ್ಸ್ ಅವರಿಗೆ 'ಆಂಬರ್ಸನ್ಸ್' ಹೀಗೆ ಮರಳಿ ಸಿಗಲಿಲ್ಲ, ಸಿಗುವಂತೆ ಏನೂ ಉಳಿದಿರಲಿಲ್ಲ. ವೈಸ್ 2005ರ ಸೆಪ್ಟೆಂಬರ್ 14ರಂದು, 91ರ ವಯಸ್ಸಿನಲ್ಲಿ ತೀರಿಕೊಂಡರು.

ಗೆಳೆಯನಿಗೆ ನಾನು 'ದಿ ಸೆಟ್-ಅಪ್' ಕಳಿಸಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ, 72 ನಿಮಿಷದ ಚಿತ್ರ, ಒಂದೇ ಪಟ್ಟಿಗೆ ನೋಡಿ. ಆಮೇಲೆ 'ದಿ ಬಾಡಿ ಸ್ನ್ಯಾಚರ್', ಅದಾದ ಮೇಲೆ 'ದಿ ಹಾಂಟಿಂಗ್'. ಮೊಬೈಲ್‌ನಲ್ಲಿ ಬೇಡ, ಒಳ್ಳೆಯ ಸ್ಪೀಕರ್ ಇಲ್ಲದಿದ್ದರೆ ಹೆಡ್‌ಫೋನಾದರೂ ಇರಲಿ. 'ದಿ ಸೌಂಡ್ ಆಫ್ ಮ್ಯೂಸಿಕ್' ಅನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲ ಮೂರು ನಿಮಿಷ ಯಾರೂ ಮಾತಾಡಬಾರದೆಂದು ಮನೆಯವರಿಗೆ ಮೊದಲೇ ಹೇಳಿಡಿ.